ನಾನು ಗುರುತಿಸದ ಹೆಬ್ಬೆರಳು

ನಾನು ಕಾರ್ಖಾನೆಯಿಂದ ಹೊರಬಿದ್ದಾಗ ನನ್ನ ಬ್ಯಾಟರಿಯಲ್ಲಿ ನೂರಕ್ಕೆ ನಲವತ್ತು ಪಾಲು ವಿದ್ಯುತ್ ಇತ್ತು. ನಮ್ಮ ಜಾತಿಯ ಫೋನುಗಳನ್ನೆಲ್ಲ ಹಾಗೆಯೇ ಅರೆಹೊಟ್ಟೆಯಲ್ಲಿ ಕಳಿಸುತ್ತಾರೆ. ಪೂರ್ತಿ ತುಂಬಿಸಿ ಪೆಟ್ಟಿಗೆಯಲ್ಲಿಟ್ಟರೆ ಕೆಡುತ್ತೇವೆ, ಬರಿದು ಮಾಡಿಟ್ಟರೆ ಸಾಯುತ್ತೇವೆ. ಅಂದಿನಿಂದಲೂ ನಾನು ಹೊಟ್ಟೆ ತುಂಬಿಸಿಕೊಂಡು ನೆಮ್ಮದಿಯಾಗಿ ಮಲಗಿದ್ದು ನೆನಪಿಲ್ಲ.

ನನಗೆ ದಪ್ಪ ರಬ್ಬರಿನ ಅಂಗಿ ತೊಡಿಸಿದ್ದರು. ಆಳೆತ್ತರದಿಂದ ಕಾಂಕ್ರೀಟಿನ ಮೇಲೆ ಆರು ಸಲ ಬೀಳಿಸಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ಇದು ದುಡಿಯುವವರ ಕೈಗೆ ತಕ್ಕದ್ದು ಎಂದು ಒಪ್ಪಿಕೊಂಡರು. ಬೆನ್ನಿನ ಮೇಲೆ ಬೆರಳಚ್ಚು ಓದುವ ಒಂದು ಚಿಕ್ಕ ಗಾಜು ಇತ್ತು. ನನ್ನ ಬಾಳಿನ ತೊಂದರೆಯೆಲ್ಲ ಆ ಗಾಜಿನಿಂದಲೇ ಬಂತು.

ಬಯಲುಸೀಮೆಯ ಒಂದು ಊರಿನ ನೀರು ಸರಬರಾಜು ಕಚೇರಿ ನನ್ನನ್ನೂ ನನ್ನ ಇಪ್ಪತ್ತು ಒಡಹುಟ್ಟಿದವರನ್ನೂ ತರಿಸಿಕೊಂಡಿತು. ಆ ಊರಿನ ನಲ್ಲಿಗಳಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಯಾವ ಓಣಿಗೆ ಎಷ್ಟು ಹೊತ್ತು ಎಂಬುದು ವಾಲ್ವ್‌ಮನ್‌ಗಳ ಕೈಯಲ್ಲಿತ್ತು. ಅವರು ರಸ್ತೆಯ ಗುಂಡಿಯೊಳಗೆ ಎದೆಯೆತ್ತರದ ಕಬ್ಬಿಣದ ಕೀಲಿ ಇಳಿಸಿ, ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ನೀರು ಬಿಡುತ್ತಿದ್ದರು. ಯಾರು, ಎಲ್ಲಿ, ಎಷ್ಟು ಗಂಟೆಗೆ ವಾಲ್ವ್ ತೆಗೆದರು ಎಂದು ಬರೆದಿಡುವುದು ನನ್ನ ಕೆಲಸ. ಅದೇ ಅವರ ಹಾಜರಿಯೂ ಆಗಿತ್ತು.

ಕಚೇರಿಯ ಹಿಂದಿನ ಕೋಣೆಯಲ್ಲಿ ಪ್ರತಿಮಾ ಹೂಗಾರ ಎಂಬಾಕೆ ನಮ್ಮನ್ನು ನೋಡಿಕೊಳ್ಳುತ್ತಿದ್ದಳು. ಭೌತಶಾಸ್ತ್ರ ಓದಿದವಳು, ಯಾವುದನ್ನೂ ಎರಡು ಸಲ ಅಳೆಯದೆ ನಂಬುತ್ತಿರಲಿಲ್ಲ. ಅವಳು ನನ್ನ ಬೆನ್ನಿಗೆ ಹದಿನಾಲ್ಕು ಎಂಬ ಚೀಟಿ ಅಂಟಿಸಿದಳು. ಹಾಡು, ಚಿತ್ರ, ಆಟ ಎಲ್ಲಕ್ಕೂ ಬೀಗ ಹಾಕಿ, ನೀರಿನ ಲೆಕ್ಕದ ಒಂದೇ ಒಂದು ಬಾಗಿಲನ್ನು ತೆರೆದಿಟ್ಟಳು. ನಾಲ್ಕು ಅಂಕಿಯ ಗುಪ್ತಸಂಖ್ಯೆಯಿಂದಲೂ ಆ ಬಾಗಿಲು ತೆರೆಯುವಂತಿರಲಿ ಎಂದು ಅವಳು ಕೇಳಿಕೊಂಡಿದ್ದಳಂತೆ. ವಾಲ್ವ್‌ಮನ್‌ಗಳು ಸಂಖ್ಯೆಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಬೆರಳನ್ನಾದರೆ ಹಂಚಿಕೊಳ್ಳಲು ಬರುವುದಿಲ್ಲ ಎಂದು ಎಂಜಿನಿಯರ್ ಸಾಹೇಬರು ಒಪ್ಪಲಿಲ್ಲ.

ನಾನು ಒಬ್ಬರ ವಸ್ತುವಾಗುತ್ತೇನೆ ಎಂದುಕೊಂಡಿದ್ದೆ. ಆದರೆ ನನ್ನನ್ನು ಕಳಿಸಿದ ಗುಡ್ಡದ ನೀರಿನ ಟ್ಯಾಂಕಿನಲ್ಲಿ ನನಗೆ ಇಬ್ಬರು ಒಡೆಯರು. ಬೆಳಿಗ್ಗೆ ಆರರಿಂದ ಎರಡರವರೆಗೆ ಯಮನೂರಪ್ಪ. ಮೂವತ್ತರ ಹರೆಯ, ಗುತ್ತಿಗೆಯ ಆಳು, ಎಲ್ಲದಕ್ಕೂ ಅವಸರ. ಎರಡರಿಂದ ಹತ್ತರವರೆಗೆ ಮಾಬುಸಾಬರು. ಇಪ್ಪತ್ತಾರು ವರ್ಷದಿಂದ ದಿನಗೂಲಿಯಲ್ಲೇ ಇದ್ದವರು. ವಾಲ್ವ್ ತೆಗೆದ ಮೇಲೆ ಕೀಲಿಯ ತುದಿಗೆ ಕಿವಿಯಿಟ್ಟು ಕೇಳುತ್ತಿದ್ದರು. ಜೇಬಿನಲ್ಲಿದ್ದ ನನಗೂ ಆ ಸದ್ದು ಕೇಳುತ್ತಿತ್ತು. ಮೊದಲು ಗಾಳಿಯ ಕೆಮ್ಮು, ಆಮೇಲೆ ತುಂಬಿದ ಕೊಳವೆಯ ಗುಂಯ್‌ಗುಡುವಿಕೆ. ಅದು ಕೇಳಿದ ಮೇಲೆಯೇ ಅವರು ಮುಂದಿನ ಗುಂಡಿಗೆ ನಡೆಯುತ್ತಿದ್ದರು.

ಎರಡು ಗಂಟೆ ಎಂದರೆ ನನಗೆ ದಿಗಿಲು. ಯಮನೂರಪ್ಪ ಪಾಳಿ ಮುಗಿಸಿ, ತನ್ನ ಹೆಸರಿನ ಲೆಕ್ಕ ಮುಚ್ಚಿ ನನ್ನನ್ನು ಕೊಡುತ್ತಿದ್ದ. ಮಾಬುಸಾಬರು ಹೆಬ್ಬೆರಳನ್ನು ಲುಂಗಿಗೆ ತಿಕ್ಕಿ, ಒಮ್ಮೆ ಊದಿ, ನನ್ನ ಗಾಜಿನ ಮೇಲೆ ಇಡುತ್ತಿದ್ದರು. ಇಪ್ಪತ್ತಾರು ವರ್ಷ ಕಬ್ಬಿಣ ತಿರುಗಿಸಿದ ಬೆರಳು ಅದು. ಗೆರೆಗಳೆಲ್ಲ ಸವೆದು ನದಿಯ ಕಲ್ಲಿನಂತೆ ನುಣ್ಣಗಾಗಿತ್ತು. ಗೆರೆಯಿಲ್ಲದ ಕಡೆ ನಾನು ಏನನ್ನು ಓದಲಿ? ಗುರುತು ಸಿಗಲಿಲ್ಲ ಎನ್ನುತ್ತಿದ್ದೆ. ಅವರು ಮತ್ತೆ ಇಡುತ್ತಿದ್ದರು. ಐದು ಸಲ ತಪ್ಪಿದರೆ ಅರ್ಧ ನಿಮಿಷ ಬಾಗಿಲು ಹಾಕಿಕೊಳ್ಳಬೇಕೆಂದು ನನಗೆ ಕಟ್ಟಳೆ. ಆ ಅರ್ಧ ನಿಮಿಷ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ನನಗೆ ಮಾಬುಸಾಬರು ಗೊತ್ತಿರಲಿಲ್ಲವೆಂದಲ್ಲ. ನನ್ನೊಳಗೆ ಚಲನೆ ಅಳೆಯುವ ಒಂದು ಹರಳಿದೆ. ಎಡಗಾಲನ್ನು ತುಸು ಎಳೆದು ನಡೆಯುವ ಅವರ ನಡಿಗೆಯನ್ನು ಅದು ಸಾವಿರ ನಡಿಗೆಗಳ ನಡುವೆಯೂ ಗುರುತಿಸಬಲ್ಲದು. ಆದರೆ ನಡಿಗೆಯನ್ನು ನನ್ನಿಂದ ಯಾರೂ ಕೇಳಿರಲಿಲ್ಲ.

ಬೈಕಿನ ಮೇಲೆ ಒಂದು ಕಾಲಿಟ್ಟು ಕಾಯುತ್ತಿದ್ದ ಯಮನೂರಪ್ಪ ಕೊನೆಗೆ ಕೈ ಚಾಚುತ್ತಿದ್ದ.

"ಇಲ್ಲಿ ಕೊಡ್ರಿ ಕಾಕಾ. ನಿಮ್ಮ ಬೆಟ್ಟು ಸಂಜೀತನಕ ಒತ್ತಿದ್ರೂ ಅದಕ್ಕ ತಿಳಿಯಂಗಿಲ್ಲ. ಅಲ್ಲಿ ನೀರಿಗೆ ಕೊಡ ಇಟ್ಕೊಂಡು ಹೆಣ್ಮಕ್ಳು ಕುಂತಾರ."

ತನ್ನ ಬೆರಳಿಟ್ಟು, ತನ್ನ ಹೆಸರನ್ನೇ ಮತ್ತೆ ತೆರೆದುಕೊಟ್ಟು ಹೋಗುತ್ತಿದ್ದ. ಅದರಲ್ಲಿ ಮೋಸವಿರಲಿಲ್ಲ, ಉಪಕಾರವಿತ್ತು. ಮಾಬುಸಾಬರು ಮಧ್ಯಾಹ್ನದಿಂದ ರಾತ್ರಿಯವರೆಗೆ ತೆಗೆದ ಒಂದೊಂದು ವಾಲ್ವನ್ನೂ ನಾನು ಯಮನೂರಪ್ಪನ ಹೆಸರಿನಲ್ಲಿ ಬರೆದೆ. ಮಳೆಗೆ ಚರ್ಮ ಮೆತ್ತಗಾದ ದಿನ, ಇಲ್ಲವೆ ನಾಲ್ಕು ದಿನ ರಜೆ ಹಾಕಿ ಬೆರಳಿಗೆ ಬಿಡುವು ಸಿಕ್ಕಿದ ಮರುದಿನ ಮಾತ್ರ ಸವೆದ ಗೆರೆ ತುಸು ಮೇಲೆದ್ದು ನನಗೆ ಕಾಣುತ್ತಿತ್ತು. ಅಂಥ ದಿನಗಳು ವರ್ಷಕ್ಕೆ ಹನ್ನೊಂದು. ಆ ದಿನ ಅವರು ಯಮನೂರಪ್ಪನ ಕಡೆ ನೋಡಿ, ಇವತ್ತು ನಿನ್ನ ಯಂತ್ರಕ್ಕೆ ನಾ ನೆನಪಾದೆ ನೋಡು ಎಂದು ನಗುತ್ತಿದ್ದರು.

ಒಂದು ವರ್ಷ ಹೀಗೆ ಕಳೆಯಿತು. ಕೂಲಿಯನ್ನು ಇನ್ನೂ ಹಳೆಯ ಕಾಗದದ ಪಟ್ಟಿ ನೋಡಿಯೇ ಕೊಡುತ್ತಿದ್ದುದರಿಂದ ನನ್ನ ಲೆಕ್ಕವನ್ನು ಯಾರೂ ತೆಗೆದು ನೋಡಲಿಲ್ಲ. ದಿನಕ್ಕೆ ಹದಿನಾರು ಗಂಟೆ ಎರಡು ಮೈಯ ಬೆವರಿನಲ್ಲಿ ಅಲೆದೆ. ತೊಟ್ಟಿಲಿನಂಥ ಚಾರ್ಜರಿನ ಮುಳ್ಳುಗಳು ಸಡಿಲಾಗಿ, ಅರ್ಧ ತುಂಬುವಷ್ಟರಲ್ಲಿ ಮತ್ತೆ ಎದ್ದು ಹೊರಡುತ್ತಿದ್ದೆ.

ಆಗ ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ಬಂತು. ವರ್ಷದಲ್ಲಿ ಇನ್ನೂರ ನಲವತ್ತು ದಿನದ ಹಾಜರಿ ಇರಬೇಕು, ಅದು ಕಾಗದದ ಪಟ್ಟಿಯಿಂದಲ್ಲ, ನಮ್ಮಂಥ ಯಂತ್ರಗಳ ದಾಖಲೆಯಿಂದಲೇ ಸಿಗಬೇಕು ಎಂಬುದು ನಿಯಮ. ಮಾಬುಸಾಬರ ಹೆಸರಿನ ಮುಂದೆ ಹನ್ನೊಂದು ಎಂದಿತ್ತು. ವರ್ಷಕ್ಕೆ ಹನ್ನೊಂದು ದಿನ ಬರುವವನು ಬೇಡವೇ ಬೇಡ ಎಂದು ಅವರನ್ನು ಕೆಲಸದಿಂದ ಬಿಡಿಸುವ ಟಿಪ್ಪಣಿಯೂ ತಯಾರಾಯಿತು. ಅವರಿಗೆ ಐವತ್ತಾರು ವರ್ಷ. ಆಕ್ಷೇಪಣೆ ಹೇಳಿಕೊಳ್ಳಲು ಇದ್ದದ್ದು ಒಂದು ವಾರ.

ಅವರು ನನ್ನನ್ನು ಕೈಯಲ್ಲಿ ಹಿಡಿದು ಪ್ರತಿಮಾಳ ಕೋಣೆಗೆ ಬಂದರು. ಯಂತ್ರದ ದೂರು ಬಂದರೆ ಜಿಲ್ಲೆಯ ಸಹಾಯವಾಣಿಯವರಿಗೆ ಗೊತ್ತಿದ್ದದ್ದು ಒಂದೇ ಮದ್ದು, ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಶುಕ್ರವಾರದೊಳಗೆ ಹದಿನಾಲ್ಕನ್ನು ಅಳಿಸಿ ಎಂದು ಅವರಿಂದ ಆದೇಶವೂ ಬಂತು. ಅಳಿಸುವುದೆಂದರೆ ನನಗೆ ಸಾವು. ಆ ನಾಲ್ಕು ದಿನ ನಾನು ಕಾರಣವಿಲ್ಲದೆ ಬಿಸಿಯಾಗುತ್ತಿದ್ದೆ.

ಪ್ರತಿಮಾ ಅಳಿಸಲಿಲ್ಲ. ಮೊದಲು ಕಣ್ಣಾರೆ ನೋಡಬೇಕು ಎಂದು ಮರುದಿನ ಎರಡು ಗಂಟೆಗೆ ಗುಡ್ಡದ ಟ್ಯಾಂಕಿಗೆ ಬಂದು ಕಟ್ಟೆಯ ಮೇಲೆ ಕೂತಳು. ಐದು ಸಲ ತಪ್ಪಿದ್ದು, ಅರ್ಧ ನಿಮಿಷ, ಆಮೇಲೆ ಯಮನೂರಪ್ಪನ ಬೆರಳು, ಎಲ್ಲವನ್ನೂ ಗಡಿಯಾರ ಹಿಡಿದು ಬರೆದುಕೊಂಡಳು.

"ದಿನಾ ಹಿಂಗ ಏನ್ರಿ?" ಎಂದು ಕೇಳಿದಳು.

"ದಿನಾ ಐದು ಸಲ ಒತ್ತತೀನ್ರಿ ಮೇಡಮ್ಮರ," ಎಂದರು ಮಾಬುಸಾಬರು. "ಬಿಡಬಾರದಲ್ರಿ. ನನ್ನ ಡ್ಯೂಟಿ ಅದು."

ಪ್ರತಿಮಾ ಬರೆಯುವುದನ್ನು ನಿಲ್ಲಿಸಿದಳು. ನನ್ನನ್ನು ಅಲ್ಲೇ ತಂತಿಯಿಂದ ತನ್ನ ಲ್ಯಾಪ್‌ಟಾಪಿಗೆ ಕಟ್ಟಿ, ಯಾರೂ ತೆರೆಯದ ನನ್ನ ಒಳಕೋಣೆಯನ್ನು ತೆರೆದಳು. ನಾನು ಒಪ್ಪಿದ ಬೆರಳುಗಳ ಪಟ್ಟಿ ಕಚೇರಿಗೆ ಹೋಗುತ್ತಿತ್ತು. ಒಪ್ಪದ ಬೆರಳುಗಳ ಪಟ್ಟಿ ಮಾತ್ರ ನನ್ನಲ್ಲೇ ಉಳಿದಿತ್ತು, ಹೊತ್ತು ಗಳಿಗೆ ಸಮೇತ. ಅವಳು ಎರಡು ಸಲ ಎಣಿಸಿದಳು. ಎರಡು ಗಂಟೆಯ ಆಸುಪಾಸಿಗೆ ಐದು ತಪ್ಪು, ಅರ್ಧ ನಿಮಿಷದ ಬೀಗ, ಆಮೇಲೆ ಯಮನೂರಪ್ಪ: ಹೀಗೆ ಇನ್ನೂರ ತೊಂಬತ್ತನಾಲ್ಕು ದಿನ. ನಾನು ಅವರನ್ನು ನಿರಾಕರಿಸಿದ್ದೇ ಅವರು ಬಂದಿದ್ದರು ಎಂಬುದಕ್ಕೆ ಸಾಕ್ಷಿಯಾಗಿತ್ತು.

ಎಂಜಿನಿಯರ್ ಸಾಹೇಬರು ಆ ಕಾಗದವನ್ನು ನಿಧಾನವಾಗಿ ಓದಿದರು. ಅವರ ಆಕ್ಷೇಪದಲ್ಲಿ ಅರ್ಥವಿತ್ತು. ಗುರುತು ಸಿಗದ ಬೆರಳಿಗೆ ಹೆಸರಿರುವುದಿಲ್ಲ, ಅದು ಯಾರದ್ದಾದರೂ ಆಗಬಹುದು. ಮಧ್ಯಾಹ್ನದ ಪಾಳಿ ತನ್ನದಲ್ಲವೆಂದು ಯಮನೂರಪ್ಪನೇ ಬರೆದುಕೊಟ್ಟರೆ ಮಾತ್ರ ಈ ಸಾಕ್ಷಿಗೆ ಬೆಲೆ ಬರುತ್ತದೆ ಎಂದರು. ಆದರೆ ತನ್ನ ಹೆಸರನ್ನು ಇನ್ನೊಬ್ಬರಿಗೆ ತೆರೆದುಕೊಟ್ಟವರನ್ನು ಕೆಲಸದಿಂದ ತೆಗೆಯಬಹುದು ಎಂಬ ಷರತ್ತಿಗೆ ಯಮನೂರಪ್ಪ ನನ್ನನ್ನು ಪಡೆದ ದಿನವೇ ಸಹಿ ಹಾಕಿದ್ದ.

ಮೊದಲ ದಿನ ಅವನು ಏನನ್ನೂ ಬರೆದುಕೊಡಲಿಲ್ಲ. ಆ ದಿನ ಅವನ ಬೆರಳು ಎಷ್ಟು ಬೆವೆತಿತ್ತೆಂದರೆ ಅವನನ್ನೂ ನಾನು ಎರಡು ಸಲ ಗುರುತಿಸಲಿಲ್ಲ. ಗುರುವಾರ ಎರಡು ಗಂಟೆಗೆ ಅವನು ಬೈಕಿನಿಂದ ಪೂರ್ತಿ ಇಳಿದು ನಿಂತ.

"ಕಾಕಾ, ನಾ ಬರದುಕೊಟ್ರ ನನ್ನ ಮನಿಗೆ ಕಳಸ್ತಾರ. ನಿಮಗ ಗೊತ್ತೈತೇನು?"

ಮಾಬುಸಾಬರು ಕೀಲಿಯನ್ನು ಗೋಡೆಗೆ ಒರಗಿಸಿದರು. "ಗೊತ್ತೈತಿ. ಬರೀ ಅಂತ ನಾ ಕೇಳಿಲ್ಲಲ್ಲೋ ತಮ್ಮಾ."

"ಅದೇ ಆಗಿರೋದು ತ್ರಾಸು. ಒಂದ್ ಸಲ ಕೇಳಿದ್ರ ಒಲ್ಲೆ ಅಂತಿದ್ದೆ," ಎಂದ ಯಮನೂರಪ್ಪ. "ನೀವು ಕೇಳವಲ್ರಿ."

ಶುಕ್ರವಾರ ಬೆಳಿಗ್ಗೆ ಅವನು ಒಂದೂವರೆ ಪುಟ ಬರೆದುಕೊಟ್ಟ. ಪ್ರತಿಮಾ ಅದರ ಜೊತೆಗೆ ತನ್ನದೂ ಒಂದು ಹಾಳೆ ಸೇರಿಸಿದಳು. ಸವೆದ ಬೆರಳಿಗೆ ಗೆರೆಯ ಬೀಗ ಹಾಕಿದ್ದು ಕಚೇರಿಯ ತಪ್ಪು, ಆ ಬೀಗ ಹಾಕಿದವಳು ನಾನು ಎಂದು ಅದರಲ್ಲಿತ್ತು. ತೀರ್ಮಾನವಾಗುವವರೆಗೆ ನಾನೇ ಸಾಕ್ಷಿ. ನನ್ನ ಮೇಲೆ 'ಅಳಿಸಬೇಡಿ' ಎಂದು ಕೆಂಪು ಶಾಯಿಯಲ್ಲಿ ಬರೆದು ಕಪಾಟಿನಲ್ಲಿಟ್ಟಳು. ಗುಡ್ಡಕ್ಕೆ ಬೇರೊಂದು ಫೋನು ಹೋಯಿತು, ಗುಪ್ತಸಂಖ್ಯೆಯ ಬಾಗಿಲಿನೊಂದಿಗೆ.

ಕಪಾಟಿನಲ್ಲಿ ಐದು ತಿಂಗಳು ಕಳೆದೆ. ಕೆಲಸವಿಲ್ಲ, ಆದರೂ ನೆಮ್ಮದಿಯಿಲ್ಲ. ಎರಡು ಗಂಟೆಯಾದರೆ ಯಾರೋ ಬೆರಳಿಡುತ್ತಾರೆಂದು ಎಚ್ಚರವಾಗುತ್ತಿದ್ದೆ. ಬ್ಯಾಟರಿ ಉಬ್ಬಿ ರಬ್ಬರಿನ ಅಂಗಿ ಬಿಗಿಯಾಯಿತು. ನನ್ನ ಸ್ಥಿತಿ ವಿಚಿತ್ರವಾಗಿತ್ತು. ಮಾಬುಸಾಬರನ್ನು ಕಾಯಂ ಮಾಡುವ ಆದೇಶ ಬರದಿದ್ದಷ್ಟು ದಿನ ನನಗೆ ಆಯುಷ್ಯ. ಬಂದ ದಿನ ನಾನು ಯಾರಿಗೂ ಬೇಡ. ಆದರೂ ಕಪಾಟಿನ ಬಾಗಿಲು ಕಿರುಗುಟ್ಟಿದಾಗಲೆಲ್ಲ, ಬಂದಿರಲಿ ಎಂದೇ ಬಯಸಿದೆ.

ಬಂತು. ಯಮನೂರಪ್ಪನನ್ನು ತೆಗೆಯಲಿಲ್ಲ, ಹನ್ನೆರಡು ಕಿಲೋಮೀಟರ್ ದೂರದ ಪಂಪಿನ ಮನೆಗೆ ಹಾಕಿದರು. ಅವನು ಬೈಯುತ್ತಲೇ ಹೋದನಂತೆ. ಮಾಬುಸಾಬರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಆದೇಶದ ನಕಲು ಹಿಡಿದು ಪ್ರತಿಮಾಳ ಕೋಣೆಗೆ ಬಂದರು. ನಾನು ಮೇಜಿನ ಮೇಲೆ, ಗುಜರಿಗೆ ಹೋಗುವ ರಟ್ಟಿನ ಪೆಟ್ಟಿಗೆಯಲ್ಲಿದ್ದೆ. ಅವರು ಕಾಯಂ ಎಂಬ ಮಾತನ್ನು ಓದಿಸಿಕೊಳ್ಳಲಿಲ್ಲ. ದಿನ ಎಷ್ಟು ಬರೆದಾರ ಎಂದು ಕೇಳಿದರು. ಹನ್ನೊಂದು, ಇನ್ನೂರ ತೊಂಬತ್ತನಾಲ್ಕು, ಒಟ್ಟು ಮುನ್ನೂರ ಐದು ಎಂದಳು ಪ್ರತಿಮಾ.

ಅವರು ಬೆರಳಿನ ಗಿಣ್ಣುಗಳ ಮೇಲೆ ಏನೋ ಲೆಕ್ಕ ಹಾಕಿದರು.

"ಒಂದ್ ದಿನಾ ಕಮ್ಮಿ ಆತಲ್ರಿ. ವಾರದ ರಜಾ ತಗೀರಿ, ಮಗಳ ಮದುವಿಗೆ ಮೂರು ದಿನಾ, ಜ್ವರಕ್ಕ ನಾಕು. ಮುನ್ನೂರಾ ಆರು ಬರಬೇಕು."

ಇನ್ನೂರ ನಲವತ್ತು ಸಾಕಿತ್ತು ಎಂದು ಪ್ರತಿಮಾ ನೆನಪಿಸಿದಳು. ಅವರು ಅಲುಗಲಿಲ್ಲ. ಅವಳು ಮತ್ತೆ ದಾಖಲೆ ತೆರೆದು, ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದಳು. ಶ್ರಾವಣದ ಒಂದು ಮಂಗಳವಾರ ಸಿಕ್ಕಿತು. ಹಿಂದಿನ ರಾತ್ರಿಯಿಂದಲೇ ಕರೆಂಟು ಇರಲಿಲ್ಲ. ಒಂದೂವರೆಗೆ ನನ್ನ ಉಸಿರು ನಿಂತಿತ್ತು. ನನ್ನಲ್ಲಿ ಒಪ್ಪಿದ್ದೂ ಇಲ್ಲ, ಒಪ್ಪದ್ದೂ ಇಲ್ಲ.

"ಆ ಮಂಗಳವಾರ ಕುಂಬಾರ ಓಣಿ ಪಾಳಿ," ಎಂದರು ಮಾಬುಸಾಬರು. "ನಾಕು ತಾಸು ಬಿಟ್ಟೀನ್ರಿ ನೀರು."

ಪ್ರತಿಮಾ ಪೆನ್ನು ತೆಗೆದಳು. ಆದೇಶದ ನಕಲಿನ ಅಂಚಿನಲ್ಲಿ ಆ ತಾರೀಖು ಬರೆದು, ಕೆಳಗೆ ತನ್ನ ಸಹಿ ಹಾಕಿ ಕೊಟ್ಟಳು. ಅದಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಎಡಗಾಲು ಎಳೆಯುತ್ತ ಹೊರಗೆ ಹೋದರು.

ನಾಳೆ ನನ್ನನ್ನು ಅಳಿಸುತ್ತಾರೆ. ಒಂದು ವರ್ಷ ನಾನು ಬರೆದದ್ದೇ ಆ ಗುಡ್ಡದಲ್ಲಿ ನಡೆದದ್ದು ಎಂದು ನಂಬಿದ್ದೆ. ಈಗ ಪೆಟ್ಟಿಗೆಯಲ್ಲಿ ಕೂತು, ನಾನು ಸತ್ತಿದ್ದ ಆ ಮಂಗಳವಾರವನ್ನೇ ಯೋಚಿಸುತ್ತೇನೆ. ಅಂದು ಒಬ್ಬರು ಕೀಲಿ ತಿರುಗಿಸಿದ್ದಾರೆ, ತುದಿಗೆ ಕಿವಿಯಿಟ್ಟಿದ್ದಾರೆ, ಕುಂಬಾರ ಓಣಿಯ ಕೊಡಗಳು ತುಂಬಿವೆ. ನಾನು ಅದರಲ್ಲಿ ಎಲ್ಲಿಯೂ ಇರಲಿಲ್ಲ.