ತಮ್ಮ ಹೊಂದಿಸಿಟ್ಟ ಎಂಜಿನ್

ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರೂ ಬೆರೆತ ಘಾಟು ಮೂಗಿಗೆ ಬಡಿದರೆ ಅಕ್ಕ ಇಂದಿಗೂ ಏಳು ವರ್ಷದವಳಾಗಿಬಿಡುತ್ತಾಳೆ. ಲೇತ್ ಕೆಲಸದ ಅಪ್ಪನ ಅಂಗಿಯ ವಾಸನೆ ಅದು. ಆಟದ ವಿಮಾನಗಳಿಗೆಂದು ಅಂಗೈಯಲ್ಲಿ ಕೂರುವಷ್ಟು ಪುಟ್ಟ ಡೀಸೆಲ್ ಎಂಜಿನ್‌ಗಳನ್ನು ಅಪ್ಪ ಕಡೆಯುತ್ತಿದ್ದರು; ಅವು ಕುಡಿಯುವ ಎಣ್ಣೆ ಆ ಬೆರಕೆಯೇ. ಅವಕ್ಕೆ ನಯವಾದ ಓಟ ಕಲಿಸುತ್ತಿದ್ದವನು ಮಾತ್ರ ತಮ್ಮ. ಎಂಜಿನ್ನಿನ ತಲೆಯ ಮೇಲಿನ, ಒಳಗಿನ ಒತ್ತಡ ಹೆಚ್ಚುಕಡಿಮೆ ಮಾಡುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು, "ಈಗ ಗೊಣಗೋದು ಬಿಟ್ಟ ನೋಡು" ಅನ್ನುತ್ತಿದ್ದ.

ಜ್ವರವೆಂದು ಮಲಗಿದ ತಮ್ಮ ಏಳಲೇ ಇಲ್ಲ. ಅವನು ಕೊನೆಗೆ ಹೊಂದಿಸಿದ ಎಂಜಿನ್ ಮೇಜಿನ ಮೇಲೆ ಬಿಗಿದಲ್ಲೇ ಇತ್ತು. ಆರು ವಾರ ಅಪ್ಪ ಯಾರಿಗೂ ಅದನ್ನು ಮುಟ್ಟಗೊಡಲಿಲ್ಲ. ಇವತ್ತು ಎದ್ದವರೇ, "ಒಂದು ಸಲ ಕೇಳ್ಬೇಕಮ್ಮ. ಅವನು ಇಟ್ಟ ಹಾಗೇ" ಅಂದರು. ಅವರು ಪಕ್ಕಕ್ಕೆ ಸರಿದರು; ಎಂಜಿನ್ ಎಬ್ಬಿಸಲು ಅದರ ಮೂತಿಯ ಪಂಖವನ್ನು ಬೆರಳಿನಿಂದ ಹೊಡೆದು ತಿರುಗಿಸಲು ಅಕ್ಕನೇ ನಿಂತಳು.

ಮಧ್ಯಾಹ್ನವಾದರೂ ಅದು ಒಮ್ಮೆ ಕೆಮ್ಮಲೂ ಇಲ್ಲ.

"ನಿಮ್ಮ ಮಗನ ಹಾಗೇ ಕಣಪ್ಪ. ಎಬ್ಬಿಸೋಕೆ ಅರ್ಧ ದಿನ ಬೇಕು."

ಅಪ್ಪ ನಗಲು ಹೋದರು, ಆಗಲಿಲ್ಲ. "ಇನ್ನೆರಡು ಹನಿ ಎಣ್ಣೆ ಬಿಡು."

ಬಿಟ್ಟಳು. ಪಂಖ ಅರ್ಧ ಸುತ್ತಿಗೇ ಕಲ್ಲಿನಂತೆ ನಿಂತಿತು.

"ಒಳಗೆ ಎಣ್ಣೆ ತುಂಬ್ಕೊಂಡಿದೆ. ಸ್ಕ್ರೂ ಸಡಿಲಿಸ್ಲಾ?"

ಬಿಗಿದ ಪಂಖಕ್ಕೆ ಬಲ ಹಾಕಬಾರದು, ಮೊದಲು ಸ್ಕ್ರೂ ಸಡಿಲಿಸಬೇಕು ಎಂದು ಮಕ್ಕಳಿಬ್ಬರಿಗೂ ಕಲಿಸಿದ್ದು ಅಪ್ಪನೇ.

"ಮುಟ್ಬೇಡ! ಅದು ಅವನ ಕೈ ನಿಂತ ಜಾಗ."

"ಗುರುತು ಹಾಕ್ಕೊಂಡು ಸಡಿಲಿಸ್ತೀನಪ್ಪ."

"ಗೀಟು ಎಳೆದ್ರೆ ಅವನ ಕಿವಿ ಬರುತ್ತಾ? ಹೊಡಿ ನೀನು."

ಅವಳು ಮತ್ತೆ ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೂ ಆ ಸದ್ದು ಬೇಕಾಗಿತ್ತು. ಹಲ್ಲು ಕಚ್ಚಿ ಹೊಡೆದಳು.

ಒಳಗೆ ಟಕ್ ಎಂದಿತು. ಆಮೇಲೆ ಪಂಖ ಹೂವಿನಷ್ಟು ಹಗುರಾಗಿ ತಿರುಗಿತು.

"ರಾಡ್ ಮುರೀತು," ಅಂದರು ಅಪ್ಪ.

ಒಳಗೆ ಪಿಸ್ಟನ್ನನ್ನು ತಳ್ಳುವ ರಾಡ್ ಅದು; ಹೊಸದನ್ನು ಕಡೆಯಬಹುದು. ಅದರ ಉದ್ದ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಮ್ಮ ನಿಲ್ಲಿಸಿಹೋದ ಸ್ಕ್ರೂ ಬರೀ ಸ್ಕ್ರೂ. ಇಬ್ಬರಿಗೂ ಅದು ಗೊತ್ತಿತ್ತು.

ಅಪ್ಪ ಒಳಗೆ ಹೋದರು. ಅಕ್ಕ ಎಂಜಿನ್ನಿನ ಮೇಲೆ ಅಂಗೈ ಮುಚ್ಚಿ ಕೂತಳು. ಅದು ಒಂದು ಚೂರೂ ಬಿಸಿಯಾಗಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಆರು ವಾರದಿಂದ ಬಡಿಸಿದ್ದನ್ನೇ ಸರಿಯಾಗಿ ಉಣ್ಣದ ಅಪ್ಪ ಎರಡೂ ಕೈಯಲ್ಲಿ ಅನ್ನ-ಸಾರಿನ ತಟ್ಟೆ ಹಿಡಿದು, ಚೆಲ್ಲದಂತೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾ ಬಂದರು. ಮಗಳ ಕೈ ಎಣ್ಣೆಯಾಗಿದೆಯೆಂದು ಚಮಚವನ್ನೂ ಇಟ್ಟಿದ್ದರು. ಅವಳ ಮುಂದೆ ತಟ್ಟೆ ಹಿಡಿದರು.