ಕೊಕ್ಕರೆಯ ಮೂರನೆಯ ಹುಲ್ಲೆಸಳು

ಗಂಡನ ತಿಥಿಕಾರ್ಯವೆಲ್ಲ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲು ಉಕ್ಕಿತು. ನಾನು ಒಲೆಯ ಮುಂದೆಯೇ ನಿಂತಿದ್ದೆ. ಉಕ್ಕುವುದು ಕಾಣುತ್ತಿತ್ತು. ಆರಿಸಬೇಕೆಂದು ಹೊಳೆಯಲಿಲ್ಲ.

"ಕಣ್ಣೆದುರಿಗೇ ಇತ್ತಲ್ಲೇ," ಎಂದರು ಅತ್ತೆ. ತಾವೇ ಬಟ್ಟೆ ತಂದು ಒರೆಸಿದರು.

ಅಷ್ಟರಲ್ಲಿ ಫೋನು. ನಮ್ಮ ಬಂದೂಕು ಕಾರ್ಖಾನೆಯ ಪ್ರಚಾರ ವಿಭಾಗದ ಮುಖ್ಯಸ್ಥರು. ಬೆನ್ನ ಹಿಂದೆ ನಾವು ಅವರನ್ನು ಡಂಗುರ ಎನ್ನುತ್ತೇವೆ.

"ಹೇಗಿದ್ದೀರಮ್ಮ? ಧೈರ್ಯ ತಗೋಬೇಕು. ಆ ತಗಡು ಮನೇಲಿದೆಯಾ?"

ಮೂರೂ ಒಂದೇ ಉಸಿರಿನಲ್ಲಿ.

ತಗಡು ಎಂದರೆ ಅಂಗೈಯಗಲದ ಉಕ್ಕಿನ ಫಲಕ. ಬಂದೂಕಿನ ಪಕ್ಕಕ್ಕೆ ಕೂರಿಸುವಂಥದ್ದು. ಅದರ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯ ಕೆತ್ತನೆ. ನಮ್ಮ ಕಾರ್ಖಾನೆ ಹಿಂದೆ 'ಕೊಕ್ಕರೆ' ಎಂಬ ಬಂದೂಕು ಮಾಡುತ್ತಿತ್ತು. ಜೋಡುನಳಿಗೆ, ಅಕ್ರೋಟು ಮರದ ಹಿಡಿ, ಎರಡೂ ಪಕ್ಕ ಕೈಯಿಂದ ಕೆತ್ತಿದ ಹಕ್ಕಿ. ಎತ್ತಿದರೆ ತಾನಾಗಿ ಹೆಗಲಿಗೆ ಬಂದು ಕೂರುತ್ತದೆ ಎಂದು ಹಳಬರು ಇಂದಿಗೂ ಹೇಳುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಅದನ್ನು ನಿಲ್ಲಿಸಿದರು. ಈಗ ಹೆಸರೊಂದನ್ನು ಮಾತ್ರ ಎಬ್ಬಿಸಿ ತಂದಿದ್ದಾರೆ. ಹೊಸ ಕೊಕ್ಕರೆಗೆ ಒಂದೇ ನಳಿಗೆ, ಕಪ್ಪು ಪ್ಲಾಸ್ಟಿಕ್ ಹಿಡಿ. ತೋಟಾ ತಾನೇ ಏರಿಕೊಳ್ಳುತ್ತದೆ. ಹಳೆಯದರ ಒಂದು ತಿರುಪೂ ಹೊಸದಕ್ಕೆ ಕೂರುವುದಿಲ್ಲ.

"ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ," ಎನ್ನುತ್ತಿದ್ದ ನನ್ನ ಗಂಡ.

ಅವನು ಅಲ್ಲಿ ಕೆತ್ತನೆಗಾರ. ಆ ಹೆಸರೂ ಉಳಿದಿತ್ತಷ್ಟೆ. ನಾಲ್ಕು ವರ್ಷದಿಂದ ಲೇಸರ್ ಯಂತ್ರದ ಗುಂಡಿ ಒತ್ತುವುದೇ ಅವನ ಕೆಲಸವಾಗಿತ್ತು. ನಾನು ಅಲ್ಲಿಯೇ ಕರಪತ್ರ ಬರೆಯುತ್ತೇನೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಹಳೆಯ ಕಾವ್ಯ ಓದಿದ್ದರ ಫಲ.

ಯಂತ್ರಕ್ಕೆ ತೋರಿಸಲು ಒಂದು ಮೂಲ ಕೊಕ್ಕರೆ ಬೇಕಾಗಿತ್ತು. ಕಾರ್ಖಾನೆ ತನ್ನಲ್ಲಿದ್ದವನ್ನೆಲ್ಲ ಎಂದೋ ಗುಜರಿಗೆ ಹಾಕಿತ್ತು. ಗಂಡ ತನಗೆ ಕೆಲಸ ಕಲಿಸಿದ ಮೇಸ್ತ್ರಿ ಅಜ್ಜನ ಹತ್ತಿರ ಹೋಗಿ, ಎರಡು ದಿನಕ್ಕೆಂದು ಈ ತಗಡು ತಂದ. ಅದು ನಾಲ್ಕು ತಿಂಗಳ ಹಿಂದಿನ ಮಾತು. ಕೊನೆಗೂ ಕಾರ್ಖಾನೆಯಿಂದ ಬಿಡಿಸಿಕೊಂಡು ಬಂದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದ. ಮರುದಿನ ಬಸ್ಸಿಗೆ ಕಾಯುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಮೂವತ್ತಾರು ವಯಸ್ಸು.

ಹತ್ತು ಗಂಟೆಗೆ ಡಂಗುರ ಮನೆಗೇ ಬಂದರು.

"ಶುಕ್ರವಾರ ಬಿಡುಗಡೆ. ಗಾಜಿನ ಪೆಟ್ಟಿಗೆ ಆಗಿದೆ, ಒಳಗೆ ದೀಪ ಆಗಿದೆ, ಮಖಮಲ್ಲು ಆಗಿದೆ. ತಗಡೊಂದೇ ಇಲ್ಲ."

"ಅದು ನಮ್ಮದಲ್ಲ ಸರ್. ಮೇಸ್ತ್ರಿ ಅಜ್ಜನ ಹತ್ರ ಕಡ ತಂದಿದ್ದು."

"ಮೇಸ್ತ್ರಿ ಅದನ್ನ ಕೆತ್ತಿದ್ದೆಲ್ಲಿ? ಕಾರ್ಖಾನೇಲಿ. ಅಂದ್ಮೇಲೆ ಯಾರದಾಯ್ತು?"

"ಗುಜರಿಗೆ ಹಾಕುವಾಗ ಯಾರದಾಗಿತ್ತು ಸರ್?"

ಅವರು ನನ್ನನ್ನು ಬಿಟ್ಟು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಮೊದಲ ನೂರು ಬಂದೂಕಿನ ಮೇಲೆ ನಿಮ್ಮ ಮಗನ ಹೆಸರು ಹಾಕ್ತೀವಿ. ಹಕ್ಕಿ ಕೆಳಗೆ, ಚಿನ್ನದ ಬಣ್ಣದಲ್ಲಿ."

ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು. "ನೋಡೇ, ಹೆಸರು ಉಳಿಯುತ್ತಂತೆ."

"ಯಾವುದರ ಮೇಲೆ ಅತ್ತೆ? ಪ್ಲಾಸ್ಟಿಕ್ ಮೇಲೆ."

"ಈಗೆಲ್ಲ ಪ್ಲಾಸ್ಟಿಕ್ಕೇ ಅಲ್ವೇನೇ ಬಾಳಿಕೆ ಬರೋದು?"



ಡಂಗುರ ಎದ್ದು ನಿಂತರು. ದನಿ ತಗ್ಗಿತು. "ನೋಡಿಮ್ಮ, ಮೂಲ ಕೊಕ್ಕರೆ ನಮ್ಮಲ್ಲಿದೆ, ಬಂದು ನೋಡಿ ಅಂತ ಕರಪತ್ರದಲ್ಲಿ ಬರೆದೋರು ನೀವೇ. ಈಗ ಇಲ್ಲ ಅಂದ್ರೆ ಸುಳ್ಳು ಯಾರ ತಲೆಗೆ ಬರುತ್ತೆ? ಸೋಮವಾರ ಕೆಲಸಕ್ಕೆ ಬರ್ತೀರಲ್ಲ?"

"ಅಜ್ಜನ್ನ ಕೇಳಿ ಹೇಳ್ತೀನಿ," ಎಂದೆ.

ಅವರು ಹೋದ ಮೇಲೆ ತಗಡು ತೆಗೆದೆ. ಗಂಡ ತನ್ನ ಹಳೆಯ ನೀಲಿ ಅಂಗಿಯ ತೋಳನ್ನು ಕತ್ತರಿಸಿ, ಎಣ್ಣೆ ಹಚ್ಚಿ ಸುತ್ತಿಟ್ಟಿದ್ದ. ಕೊಕ್ಕರೆಯ ಕಾಲ ಬಳಿ ಮೂರು ಹುಲ್ಲೆಸಳು. ನನ್ನ ಕರಪತ್ರದ ವಾಕ್ಯ ನೆನಪಾಯಿತು: 'ಪರಂಪರೆ, ನಿಖರತೆ, ನಂಬಿಕೆ, ಕೊಕ್ಕರೆ ನಿಂತಿರುವುದು ಈ ಮೂರು ಎಸಳುಗಳ ನಡುವೆ.' ಬರೆದ ಸಂಜೆ ಅವನಿಗೆ ಓದಿ ಹೇಳಿದ್ದೆ. "ಚೆನ್ನಾಗಿದೆ," ಎಂದವನು ಗೋಡೆಯ ಕಡೆ ತಿರುಗಿಕೊಂಡ. ಹೆಗಲು ಕುಲುಕುತ್ತಿತ್ತು. ಕೆಮ್ಮು ಬಂದಿರಬೇಕೆಂದು ನೀರು ತಂದುಕೊಟ್ಟಿದ್ದೆ.

ತಗಡನ್ನು ಮತ್ತೆ ಸುತ್ತಿಕೊಂಡು ಹೊರಟೆ. ಅಜ್ಜನ ಮನೆ ಎರಡು ಬೀದಿ ಆಚೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಮೊಣಕಾಲು ನೋವಿರುವುದರಿಂದ ಅವರು ಮೆಟ್ಟಿಲಿಳಿಯುವುದಿಲ್ಲ. ಅವನ ಕಾರ್ಯಕ್ಕೂ ಬಂದಿರಲಿಲ್ಲ. ಬಾಗಿಲು ತೆರೆದವರು ಸಮಾಧಾನದ ಮಾತೊಂದನ್ನೂ ಆಡಲಿಲ್ಲ.

"ಎರಡು ದಿನ ಅಂದಿದ್ದ."

"ಹೌದು ಅಜ್ಜ."

"ಮೂರು ಸಲ ಹೇಳಿ ಕಳಿಸಿದೆ. ನಾಳೆ ಅಜ್ಜ, ನಾಳೆ ಅಜ್ಜ. ಸುಳ್ಳುಬುರುಕ. ನಾಳೆ ಅಂದವನ ಮನೆ..."

ಅಲ್ಲಿಗೆ ಬಾಯಿ ಮುಚ್ಚಿಕೊಂಡರು.

"ಹಾಳು," ಎಂದು ನಾನೇ ಮುಗಿಸಿದೆ. "ಪರವಾಗಿಲ್ಲ, ಬೈಯಿರಿ ಅಜ್ಜ. ಎರಡು ವಾರದಿಂದ ಎಲ್ಲರೂ ಅವರನ್ನ ದೇವರಂಥವನು, ದೇವರಂಥವನು ಅಂತಿದ್ದಾರೆ. ಕೇಳಿ ಕೇಳಿ ಸಾಕಾಗಿದೆ."

ಅಜ್ಜ ನನ್ನ ಮುಖ ನೋಡಿ ಕುರ್ಚಿ ಎಳೆದುಕೊಟ್ಟರು. "ದೇವರಂತೆ! ಉಳಿ ಮಸೆಯೋದಕ್ಕೆ ಮೂರು ವರ್ಷ ತಗೊಂಡ ದೇವರು."

ಕಿಟಕಿಯ ಆಚೆ, ರಸ್ತೆಗಡ್ಡಲಾಗಿ ದೊಡ್ಡ ಜಾಹೀರಾತು ಫಲಕ. ಹೊಸ ಬಂದೂಕು, ಅದರ ಪಕ್ಕದಲ್ಲಿ ಮನುಷ್ಯನೆತ್ತರದ ಕೊಕ್ಕರೆ.

"ದಿನಾ ಎದ್ದರೆ ಇದರ ಮುಖ," ಎಂದರು ಅಜ್ಜ. "ಮಾನ ಹೋಗ್ತಿದೆ ನಂದು. ಆ ಮೂರನೇ ಹುಲ್ಲು ನೋಡು."

"ನಂಬಿಕೆ."

"ಏನಂದೆ?"

"ಅದು ನಂಬಿಕೆ ಅಜ್ಜ. ಕರಪತ್ರದಲ್ಲಿ ನಾನೇ ಬರೆದಿದ್ದು."

ಅಜ್ಜ ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಉಳಿ ಜಾರಿದ್ದು ಕಣಮ್ಮ ಅದು."

ನಾನು ಮಡಿಲಲ್ಲಿದ್ದ ತಗಡಿನ ಕಡೆ ನೋಡಿದೆ.

"ಯಾರೋ ಹಿಂದಿನಿಂದ ಕರೆದರು, ಕೈ ಜಾರಿತು. ಗೆರೆ ಬಿತ್ತಲ್ಲ, ಹುಲ್ಲು ಮಾಡಿ ಮುಚ್ಚಿದೆ. ತಪಾಸಣೆಯವನು ಬಿಡಬೇಕಲ್ಲ! ಹಿಂದುಗಡೆ ಅರದಲ್ಲಿ ಅಡ್ಡಗೀಟು ಎಳೆದು ಎಸೆದ. ನಾನು ಮನೆಗೆ ತಂದೆ. ಚೆನ್ನಾಗಿದ್ದವೆಲ್ಲ ಬಂದೂಕಿನ ಮೇಲೆ ಕೂತು ಹೋದ್ವು. ಕೆಟ್ಟಿದ್ದಕ್ಕೆ ಇದೊಂದು ಉಳೀತು. ನಂದು ಒಂದು ಸಲ ಜಾರಿದ ಕೈ. ಅದನ್ನ ಹತ್ತು ಸಾವಿರ ಸಲ ಜಾರಿಸ್ತಿದ್ದಾರಲ್ಲ ಇವರು."

ತಗಡಿನ ಹಿಂದಿನ ಅಡ್ಡಗೀಟನ್ನು ನಾನೂ ನೋಡಿದ್ದೆ. ಮೇಸ್ತ್ರಿಯ ಗುರುತೆಂದುಕೊಂಡಿದ್ದೆ.

"ನಮ್ಮವರಿಗೆ ಇದು ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಕಲಿಸುವಾಗ ಇದನ್ನೇ ತೋರಿಸ್ತಿದ್ದೆ, ಹೀಗೆ ಜಾರಬಾರದು ನೋಡು ಅಂತ. ಮೂರನೇ ಹುಲ್ಲು ಬಿಟ್ಟು ಉಳಿದದ್ದನ್ನ ತಗೋತೀವಿ ಅಜ್ಜ ಅಂದಿದ್ದ."

ಅಂದರೆ ಅಂದು ಅದು ಕೆಮ್ಮಲ್ಲ.

ಸಿಟ್ಟು ಬಂತು. ಒಂದು ಮಾತು ಹೇಳಬಹುದಿತ್ತು. ಕರಪತ್ರ ಅಚ್ಚಾಗುವವರೆಗೂ ಸುಮ್ಮನಿದ್ದು, ನಾನು ತಂದ ನೀರನ್ನು ಬೇರೆ ಪೂರ್ತಿ ಕುಡಿದಿದ್ದ. ಎದುರಿಗಿದ್ದಿದ್ದರೆ ಮುಖಕ್ಕೆ ಮಂಗಳಾರತಿ ಎತ್ತುತ್ತಿದ್ದೆ. ಎತ್ತಲು ಅವನಿಲ್ಲ ಎಂಬುದು ಆಗ, ಆ ಕುರ್ಚಿಯ ಮೇಲೆ, ಮೊದಲ ಸಲ ಪೂರ್ತಿಯಾಗಿ ತಿಳಿಯಿತು.

ಫೋನು ಬಡಿದುಕೊಂಡಿತು. ಡಂಗುರ.

"ಕೇಳಿದ್ರಾಮ್ಮ?"

"ಕೇಳಿದೆ ಸರ್. ಅದು ತಪಾಸಣೇಲಿ ತಿರಸ್ಕಾರ ಆದ ಮಾಲು. ಮೂರನೇ ಹುಲ್ಲು ಕೈ ಜಾರಿದ ಗೆರೆ."

"ಗಾಜಿನೊಳಗಿದ್ರೆ ಯಾರಿಗೆ ಗೊತ್ತಾಗುತ್ತೆ?"

"ಮೇಸ್ತ್ರಿಗೆ ಗೊತ್ತು. ಅವರ ವಸ್ತು ಅವರಿಗೆ ಕೊಟ್ಟಾಯ್ತು. ಇನ್ನೊಂದು ಮಾತು ಸರ್, ಆ ನೂರು ಬಂದೂಕಿಗೆ ನಮ್ಮವರ ಹೆಸರು ಬೇಡ. ಅದರಲ್ಲಿ ಅವರು ಮಾಡಿದ್ದು ಏನೂ ಇಲ್ಲ."

"ಅತ್ತೆಯವರು ಒಪ್ಪಿದ್ದಾರಲ್ಲ?"

"ಅವರಿಗೆ ನಾನು ಹೇಳ್ತೀನಿ."

"ಸೋಮವಾರ ಬನ್ನಿ, ಮಾತಾಡೋಣ," ಎಂದು ಇಟ್ಟುಬಿಟ್ಟರು. ಮಾತಾಡುವುದು ಏನೆಂದು ನನಗೂ ಗೊತ್ತು. ಇರಲಿ.

ಕೊಟ್ಟಾಯ್ತು ಎಂದಿದ್ದೆನಾದರೂ ತಗಡು ಇನ್ನೂ ನನ್ನ ಮಡಿಲಲ್ಲೇ ಇತ್ತು. ಎದ್ದು ಅಜ್ಜನ ಕೈಗಿಟ್ಟೆ. ಅವರು ಬಟ್ಟೆ ಬಿಚ್ಚಿ, ಹೆಬ್ಬೆರಳಿನಿಂದ ಕೊಕ್ಕನ್ನು, ಕತ್ತನ್ನು, ಕಾಲನ್ನು ಸವರುತ್ತ ಬಂದು ಮೂರನೆಯ ಹುಲ್ಲಿನ ಮೇಲೆ ನಿಲ್ಲಿಸಿದರು.

"ಎಣ್ಣೆ ಹಚ್ಚಿಟ್ಟಿದ್ದಾನೆ," ಎಂದರು. "ಅಷ್ಟು ಕಲಿತಿದ್ದ."

ತಗಡನ್ನು ಕಿಟಕಿಯ ಕಟ್ಟೆಯ ಮೇಲೆ ಮಗುಚಿಟ್ಟು, ಬಟ್ಟೆಯನ್ನು ನನ್ನ ಕಡೆ ಚಾಚಿದರು.

"ನಾನು ಕೊಡುವಾಗ ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದೆ. ಇದು ನಂದಲ್ಲ ತಾಯಿ, ತಗೊಂಡ್ಹೋಗು."

ತೋಳಿನ ತುದಿಯಲ್ಲಿ ಗುಂಡಿ ಇನ್ನೂ ಹಾಗೇ ಇತ್ತು. ಮಡಚಿ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ.