ಸವತಿಗೆ ನೀರು

ಲಕ್ವ ಹೊಡೆದು ಸಸ್ಯಶಾಸ್ತ್ರದ ಮೇಷ್ಟ್ರ ಮಾತು ಬಿದ್ದುಹೋದ ಮೇಲೆ, ಅವರ ಮನಸ್ಸಿನಲ್ಲಿರುವುದು ತನಗೊಬ್ಬಳಿಗೇ ತಿಳಿಯುತ್ತದೆ ಎಂದು ಹೆಂಡತಿ ಬೀಗುತ್ತಿದ್ದಳು. ಬೀಗಲಿ ಪಾಪ, ಆಕೆಗೆ ಉಳಿದಿದ್ದ ಸುಖ ಅದೊಂದೇ. ಎಡಗೈ ಎತ್ತಿದರೆ ಗಂಜಿ, ಕಣ್ಣು ಬಿಗಿಯಾಗಿ ಮುಚ್ಚಿದರೆ ಹೊದಿಕೆ ಎಂದು ನರ್ಸಿಗೇ ಪಾಠ ಹೇಳುತ್ತಿದ್ದಳು.

ಮಂಚದೆದುರಿನ ಕಿಟಕಿಯಲ್ಲಿ, ಗಾಜಿನ ಡಬ್ಬಿಯೊಳಗೆ ಒಂದು ಕಲ್ಲಿತ್ತು. ಅದರ ಮೇಲೆ ಸುಟ್ಟ ಕಾಗದದಂತೆ ಕಪ್ಪಗೆ ಮುರುಟಿಕೊಂಡ ಕಲ್ಲುಹೂವು. ರಸ್ತೆಗೆಂದು ಒಡೆದುಹಾಕಿದ ಬಂಡೆಯಿಂದ ಮೇಷ್ಟ್ರು ಉಳಿಸಿ ತಂದದ್ದು ಅದೊಂದೇ ಚೂರು. ತನಗಿಂತ ಹೆಚ್ಚು ಮುದ್ದು ಕಂಡ ಅದನ್ನು ಆಕೆ ‘ನನ್ನ ಸವತಿ’ ಎಂದೇ ಆಡಿಕೊಳ್ಳುತ್ತಿದ್ದಳು. ಈಗ ಅದರ ಮೇಲೂ ಮಮತೆ ಹುಟ್ಟಿತ್ತು. ಗಂಡನ ಕೈ ಕಿಟಕಿಯತ್ತ ಎದ್ದಾಗಲೆಲ್ಲ ಹೋಗಿ ನೀರು ಚಿಮುಕಿಸುತ್ತಿದ್ದಳು. ಮತ್ತೆ ಎದ್ದರೆ ಮತ್ತಷ್ಟು. ಕಪ್ಪು ಹೋಗಿ ಕಲ್ಲು ಹಸಿರಾಯಿತು. ಆಕೆ ಹಿಗ್ಗಿ, ಡಬ್ಬಿಯನ್ನೇ ಎತ್ತಿ ಅವರ ಮುಖದ ಹತ್ತಿರ ಹಿಡಿದಳು. ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. ಸಂತೋಷಕ್ಕೆ ಅವರ ಕಣ್ಣು ತುಂಬಿತೆಂದು ಆಕೆ ಅಂಗೈಯಿಂದ ಒರೆಸಿದಳು.

ನೋಡಲು ಬಂದ ಹಳೆಯ ಶಿಷ್ಯೆ ಡಬ್ಬಿಯ ಮುಚ್ಚಳ ತೆಗೆದಾಗ ಬೆರಳಿಗೆ ಹಸಿರು ಲೋಳೆ ಹತ್ತಿತು. ದಿನಾ ನೀರು ಹಾಕುತ್ತೀರಾ ಎಂದು ಕೇಳಿ, ಹೌದೆಂದ ಮೇಲೆ ಮೆಲ್ಲಗೆ ಬಿಡಿಸಿ ಹೇಳಿದಳು. ಕಲ್ಲುಹೂವು ಒಂದು ಜೀವವಲ್ಲ, ಎರಡರ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ. ಒಳಗೆ ಕೂತ ಹಸಿರು ಬ್ಯಾಕ್ಟೀರಿಯಾ ಬಿಸಿಲಿನಲ್ಲಿ ಅಡುಗೆ ಮಾಡಿ ಇಬ್ಬರ ಹೊಟ್ಟೆಯನ್ನೂ ತುಂಬಿಸುತ್ತದೆ. ನೆನೆಯಬೇಕು, ಆಮೇಲೆ ಪೂರ್ತಿ ಒಣಗಬೇಕು. ಒಣಗಲು ಬಿಡದಿದ್ದರೆ ಸಂಸಾರ ಒಡೆಯುತ್ತದೆ.

“ಮನೆ ಕೊಳೆತುಹೋಗಿದೆ ಅಮ್ಮ. ಅಡುಗೆಯವಳು ಒಬ್ಬಳೇ ಉಳಿದಿದ್ದಾಳೆ.”

“ಅವರೇ ಹಾಕು ಅಂದ್ರಲ್ಲಮ್ಮ. ಕೈ ತೋರಿಸಿ ತೋರಿಸಿ ಹೇಳಿದ್ರು.”

ಶಿಷ್ಯೆ ತಲೆ ತಗ್ಗಿಸಿದಳು. “ಬೇಡ ಅಂದಿರಬೇಕು ಮೇಷ್ಟ್ರು.”

ಅವಳು ಹೋದ ಮೇಲೆ ಆಕೆಗೆ ಕಲ್ಲಿನ ಚಿಂತೆ ಎಲ್ಲಿ ಬಂತು? ಎತ್ತಿದ ಕೈಯನ್ನು ಪಕ್ಕಕ್ಕೆ ಸರಿಸಿ ಬಾಯಿಗೆ ಚಮಚ ತುರುಕಿದ್ದು, ಸೆಕೆಯಲ್ಲಿ ಕುತ್ತಿಗೆಯವರೆಗೆ ಹೊದಿಸಿದ್ದು, ಒಂದೊಂದೇ ನೆನಪಾಯಿತು. ಮಂಚದ ಅಂಚಿಗೆ ಕೂತಳು.

“ಇಷ್ಟು ದಿನ ಏನು ಹೇಳ್ತಿದ್ರಿ ನೀವು?”

ಮೇಷ್ಟ್ರ ಎಡಗೈ ಎದ್ದಿತು. ಆಕೆ ಏಳಲಿಲ್ಲ, ಅದನ್ನೇ ನೋಡುತ್ತ ಕೂತಳು. ಕೈ ಕೆಳಗಿಳಿದು ಮತ್ತೆ ಎದ್ದಿತು. ಅವರಿಗೆ ಏನು ಬೇಕೆಂದು ಆಕೆಗೆ ತಿಳಿಯಲಿಲ್ಲ.